ಉಪವಾಸದ ದಿನ ನನ್ನ ಊಟ

ನನಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ನನಗೆ ಏನೂ ಅನ್ನಿಸಲಿಲ್ಲ. ಆಯಿ, ನನ್ನ ತಾಯಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪಪ್ಪಾ ತಲೆಯ ಮೇಲಿನ ಕಪ್ಪು ಟೋಪಿಯನ್ನು ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡರು. ನಾನು ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡನ್ನು ನೋಡುತ್ತ ಕೂತಿದ್ದೆ. ಡಾಕ್ಟರು ನನ್ನ ಹೆಸರು ಹಿಡಿದು ಕರೆದಾಗ, ಪಕ್ಕದಲ್ಲಿ ಕೂತ ಬೇರೆ ಯಾರನ್ನೋ ಕರೆದರು ಅನ್ನಿಸಿತು.

ಹತ್ತು ವರ್ಷದ ಮೇಲಾಯಿತು. ಈಗ ದಾವಣಗೆರೆಯ ಅಂಚಿನ ನಿಟ್ಟುವಳ್ಳಿಯಲ್ಲಿ ಮನೆ ಮಾಡಿಕೊಂಡು, ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಈ ಕಾಯಿಲೆ ಹೊಸದಾಗಿ ಬಂದವರ ಮನೆಯವರು ಯಾರದೋ ಬಾಯಲ್ಲಿ ನನ್ನ ಸುದ್ದಿ ಕೇಳಿ ಬರುತ್ತಾರೆ. ಸೂಜಿ ಹಿಡಿಯುವುದು ಹೇಗೆ ಎಂದು ಮೊದಲು ಕೇಳುತ್ತಾರೆ, ಆಮೇಲೆ ದನಿ ತಗ್ಗಿಸಿ, ಆವಾಗ ಹೆಂಗೆ ತಡಕೊಂಡ್ರಿ ಎಂದು ಕೇಳುತ್ತಾರೆ. ತಡೆದುಕೊಂಡೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ತಡೆದುಕೊಳ್ಳುವುದಕ್ಕೆ ಮೊದಲು ನೋವು ಗೊತ್ತಾಗಬೇಕಲ್ಲ. ಆ ಒಂದೂವರೆ ವರ್ಷ ನನಗೆ ಬಹುಮಟ್ಟಿಗೆ ಏನೂ ಗೊತ್ತಾಗಲಿಲ್ಲ. ಹಾಗೂ ಆಗುತ್ತದೆ, ಅದೂ ಕಾಯಿಲೆಯ ಒಂದು ಭಾಗ ಎಂದು ಯಾರಾದರೂ ಆಗ ಹೇಳಿದ್ದರೆ ಚೆನ್ನಾಗಿತ್ತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾವು ಯಹೂದಿಗಳು. ಬೆನೆ ಇಸ್ರೇಲ್ ಎನ್ನುತ್ತಾರೆ. ನಮ್ಮ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಗಾಣ ನಡೆಸುತ್ತಿದ್ದರು, ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಪಪ್ಪಾ ರೈಲ್ವೆಯಲ್ಲಿ ಗೂಡ್ಸ್ ಗುಮಾಸ್ತರು. ನಾನು ಚಿಕ್ಕವಳಿದ್ದಾಗಲೇ ಹರಿಹರಕ್ಕೆ ವರ್ಗವಾಗಿ ಬಂದು, ಅಲ್ಲೇ ನಿಂತುಬಿಟ್ಟರು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಪಪ್ಪಾ, ಆಯಿ, ಪಪ್ಪಾನ ತಾಯಿ ಅಂದರೆ ನನ್ನ ಆಜಿ, ಮತ್ತೆ ನಾನು. ಇಡೀ ಹರಿಹರಕ್ಕೆ ನಾವೊಂದೇ ಯಹೂದಿ ಮನೆ. ಓಣಿಯ ಕೆಲವರು ನಮ್ಮನ್ನು ಕ್ರಿಶ್ಚಿಯನ್ನರು ಅಂದುಕೊಂಡಿದ್ದರು, ಕೆಲವರು ಮರಾಠಿ ಮಾತಾಡುವ ಸಾಬರು ಅಂದುಕೊಂಡಿದ್ದರು. ಪಕ್ಕದ ಮನೆಯ ಗಿರಿಜಮ್ಮ, ಲಿಂಗಾಯತರು, ಈ ಎರಡನ್ನೂ ಒಪ್ಪದೆ ನಮ್ಮನ್ನು ಶನಿವಾರ ಒಲೆ ಹಚ್ಚದ ಮನೆಯವರು ಎಂದು ಕರೆಯುತ್ತಿದ್ದರು. ನನ್ನ ಹೆಸರು ರೂತ್. ಅವರ ಬಾಯಲ್ಲಿ ಅದು ರುತವ್ವ ಆಗಿತ್ತು.

ಪಪ್ಪಾಗೆ ಶನಿವಾರ ರಜೆ ಸಿಗುತ್ತಿರಲಿಲ್ಲ. ದೇವರು ಬಿಡುವು ಮಾಡಿಕೋ ಎಂದ ದಿನ ಅವರು ಹತ್ತಿಯ ಅಂಡಿಗೆಗಳ ಲೆಕ್ಕ ಬರೆಯಬೇಕಾಗಿತ್ತು. ಆ ಸಂಕಟವನ್ನೆಲ್ಲ ಅವರು ಮನೆಯೊಳಗಿನ ಕಟ್ಟುನಿಟ್ಟಿನಲ್ಲಿ ತೀರಿಸಿಕೊಳ್ಳುತ್ತಿದ್ದರು. ಆಜಿ ಹಾಗಲ್ಲ. ಆಕೆಯ ತಂದೆ ಕೊಂಕಣದಲ್ಲಿ ಪ್ರಾರ್ಥನೆ ನಡೆಸುವ ಹಜ್ಜಾನರಾಗಿದ್ದವರು. ಗಂಡುಮಕ್ಕಳಿಲ್ಲದ ಅವರು ಮಗಳನ್ನೇ ಎದುರು ಕೂಡಿಸಿಕೊಂಡು ಓದುತ್ತಿದ್ದರಂತೆ. ಹಾಗಾಗಿ ಆಜಿಗೆ ನಿಯಮವೂ ಗೊತ್ತಿತ್ತು, ಅದನ್ನು ಎಲ್ಲಿ ಬಿಡಬೇಕೆಂಬುದೂ ಗೊತ್ತಿತ್ತು.

ನನಗೆ ಹತ್ತೊಂಬತ್ತು ತುಂಬಿದ ವರ್ಷ ಬಾಯಾರಿಕೆ ಶುರುವಾಯಿತು. ಬೇಸಿಗೆ ಎಂದುಕೊಂಡೆವು. ಕೊಡದ ನೀರು ನಾನೊಬ್ಬಳೇ ಖಾಲಿ ಮಾಡುತ್ತಿದ್ದೆ. ಕುಪ್ಪಸಗಳು ಸಡಿಲವಾದವು. ಮದುವೆ ಗೊತ್ತಾದ ಹುಡುಗಿ ಸೊರಗುವುದು ಇದ್ದದ್ದೇ ಎಂದು ಆಯಿ ಅಂದಳು. ಪುಣೆಯ ಕಡೆಯ ಒಬ್ಬ ಹುಡುಗನ ಜೊತೆ ಮಾತಾಗಿತ್ತು. ಒಂದು ಬೆಳಿಗ್ಗೆ ಗಿರಿಜಮ್ಮ ಹಿತ್ತಲ ಗೋಡೆಯ ಆಚೆಯಿಂದ ಆಯಿಯನ್ನು ಕರೆದು, ನಿಮ್ಮ ಬಚ್ಚಲ ಕಡೆ ಇರುವೆ ಸಾಲು ಹಿಡಿದದೆ, ಹುಡುಗಿಯನ್ನು ಡಾಕ್ಟರಿಗೆ ತೋರಿಸಿರಿ ಎಂದರು. ಅವರ ಮಾವನಿಗೆ ಹೀಗೇ ಆಗಿತ್ತಂತೆ. ಮಾವ ಬದುಕಿದರೋ ಇಲ್ಲವೋ ಎಂದು ಆಯಿ ಕೇಳಲಿಲ್ಲ. ಅವರೂ ಹೇಳಲಿಲ್ಲ.

ದಾವಣಗೆರೆಯ ದೊಡ್ಡ ಆಸ್ಪತ್ರೆಯ ಜಗಲಿಯಲ್ಲಿ ಬೆಳಿಗ್ಗೆಯಿಂದ ಕೂತೆವು. ಮಿಲ್ಲಿನಲ್ಲಿ ಕೆಲಸ ಮಾಡುವವರು ಸಾಲಾಗಿ ಕೂತು ಕೆಮ್ಮುತ್ತಿದ್ದರು, ಅವರ ಕೂದಲಿನಲ್ಲಿ ಹತ್ತಿಯ ಎಳೆಗಳು ಹಾಗೇ ಇದ್ದವು. ಲೋಕಿಕೆರೆಯಿಂದ ಬಂದ ಒಬ್ಬ ಹೆಂಗಸು ಬುತ್ತಿ ಬಿಚ್ಚಿ ನನಗೂ ಒಂದು ರೊಟ್ಟಿ ಕೊಟ್ಟಳು. ತಿಂದೆ. ಒಳಗೆ ಒಂದು ಗಾಜಿನ ನಳಿಗೆಯಲ್ಲಿ ನೀಲಿ ದ್ರವ ಹಾಕಿ, ಅದಕ್ಕೆ ನನ್ನ ಮೂತ್ರದ ಹನಿಗಳನ್ನು ಬಿಟ್ಟು ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ನಮಗೆ ಕೂಡ್ರಿ ಎಂದರು.

ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು, ಬದುಕಿರುವ ತನಕ ಎಂದರು. ಆಮೇಲೆ ಪಪ್ಪಾನ ಕಡೆ ನೋಡಿದರು.

"ಒಂದು ಮಾತು ಹೇಳಬೇಕು. ಈ ಔಷಧ ದನದ ಹೊಟ್ಟೆಯೊಳಗಿಂದ ತೆಗೀತಾರೆ, ಇಲ್ಲಾ ಹಂದಿದು. ನೀವು ಯಾವ ಜನ ಅಂತ ನಂಗೆ ಸರಿಯಾಗಿ ಗೊತ್ತಿಲ್ಲ. ಮುಚ್ಚಿಟ್ಟು ಕೊಡೋದು ಬ್ಯಾಡ ಅಂತ ಹೇಳಿದೆ."

ಪಪ್ಪಾ ಬಿಳಿಚಿಕೊಂಡರು. ನಮ್ಮ ಮನೆಯಲ್ಲಿ ಹಂದಿ ಎಂಬ ಮಾತನ್ನೂ ಆಡುತ್ತಿರಲಿಲ್ಲ. ಒಂದು ದಿನ ಯೋಚಿಸಿ ಹೇಳುತ್ತೇನೆ ಎಂದರು. ಒಂದು ದಿನ ಕಾಯುವಷ್ಟು ಹೊತ್ತಿಲ್ಲ ಎಂದರು ಡಾಕ್ಟರು. ಆಜಿ ನಮ್ಮ ಜೊತೆಗೆ ಬಂದಿದ್ದಳು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಳು. ಏನೆಂದು ಮಗನನ್ನು ಮರಾಠಿಯಲ್ಲಿ ಕೇಳಿ ತಿಳಿದುಕೊಂಡಳು. ಚುಚ್ಚದಿದ್ದರೆ ಏನಾಗುತ್ತದೆ ಎಂದು ಕೇಳಿಸಿದಳು. ಉಳಿಯುವುದಿಲ್ಲ ಎಂಬ ಉತ್ತರವನ್ನು ಪಪ್ಪಾ ಅನುವಾದಿಸಲಿಲ್ಲ, ಆದರೆ ಅಷ್ಟು ಕನ್ನಡ ಆಜಿಗೆ ಬರುತ್ತಿತ್ತು. ಆಕೆ ಡಾಕ್ಟರ ಮೇಜಿನ ಬಳಿ ಬಂದು ನಿಂತು, "ಚುಚ್ಚಿ" ಎಂದಳು. ಆಮೇಲೆ ಮಗನ ಕಡೆ ತಿರುಗಿ ಮರಾಠಿಯಲ್ಲಿ, ಜೀವ ಹೋಗುವ ಕಡೆ ಯಾವ ಪ್ರಾಣಿ ಎಂದು ಕೇಳುವುದು ನಮ್ಮ ಪದ್ಧತಿಯಲ್ಲ, ನನ್ನ ಅಪ್ಪನಾಗಿದ್ದರೆ ನೀನು ಒಂದು ದಿನ ಕೇಳಿದ್ದಕ್ಕೇ ಸಿಟ್ಟಾಗುತ್ತಿದ್ದ ಎಂದಳು.

ಮೊದಲ ಸೂಜಿ ಅಲ್ಲೇ ಆಯಿತು. ಇರುವೆ ಕಚ್ಚಿದಷ್ಟೂ ಅನ್ನಿಸಲಿಲ್ಲ. ಗಿರಿಜಮ್ಮನಿಗೆ ಆಯಿ ಅದು ಇಂಗ್ಲಿಷ್ ಔಷಧ ಎಂದಷ್ಟೇ ಹೇಳಿದಳು.

ಮನೆಯಲ್ಲಿ ಹೊಸ ಕೆಲಸಗಳು ಶುರುವಾದವು. ಔಷಧದ ಶೀಸೆಯನ್ನು ಹಸಿ ಮರಳು ತುಂಬಿದ ಮಡಕೆಯಲ್ಲಿ ಹೂತು, ನೀರಿನ ಕೊಡದ ಪಕ್ಕ ತಂಪಾದ ಮೂಲೆಯಲ್ಲಿ ಇಟ್ಟೆವು. ಗಾಜಿನ ಸಿರಿಂಜು, ಸೂಜಿಗಳನ್ನು ಕುದಿಸಲು ಬೇರೆ ಪಾತ್ರೆ ಬಂತು. ಬೆಳಿಗ್ಗೆ ಎದ್ದ ಕೂಡಲೇ ಸ್ಪಿರಿಟ್ ದೀಪ ಹಚ್ಚಿ ಆ ನೀಲಿ ದ್ರವ ಕಾಯಿಸಿ ಬಣ್ಣ ನೋಡಬೇಕು. ಇಟ್ಟಿಗೆ ಬಣ್ಣ ಬಂದರೆ ಆಯಿ ದಿನವಿಡೀ ಮಾತಾಡುತ್ತಿರಲಿಲ್ಲ. ಹಸಿರು ಬಂದರೆ ಪಲ್ಯಕ್ಕೆ ಒಗ್ಗರಣೆ ಹಾಕುವಾಗ ಗುನುಗುತ್ತಿದ್ದಳು. ನನಗೆ ಎರಡೂ ಬಣ್ಣ ಒಂದೇ ಆಗಿದ್ದವು.

ನಮ್ಮಲ್ಲಿ ಬಚ್ಚಲಿಗೆ ಹೋಗಿ ಬಂದವರು ಕೈ ತೊಳೆದು ಒಂದು ಪ್ರಾರ್ಥನೆ ಹೇಳಬೇಕು. ಮನುಷ್ಯನ ಮೈಯೊಳಗೆ ದಾರಿಗಳನ್ನೂ ಪೊಳ್ಳುಗಳನ್ನೂ ಇಟ್ಟದ್ದಕ್ಕೆ, ತೆರೆಯಬೇಕಾದದ್ದು ತೆರೆದಿರುವುದಕ್ಕೆ, ಮುಚ್ಚಬೇಕಾದದ್ದು ಮುಚ್ಚಿರುವುದಕ್ಕೆ ದೇವರನ್ನು ನೆನೆಯುವ ಮಾತು ಅದು. ಚಿಕ್ಕಂದಿನಲ್ಲಿ ಇದು ನನಗೆ ನಗೆ ತರಿಸುತ್ತಿತ್ತು. ಈಗ ನಾನು ನಳಿಗೆ ಕಾಯಿಸುವಾಗ ಆಜಿ ಪಕ್ಕದಲ್ಲಿ ನಿಂತು ನನ್ನ ಪರವಾಗಿ ಅದನ್ನು ಹೇಳುತ್ತಿದ್ದಳು. ಬಣ್ಣ ಯಾವುದೇ ಬರಲಿ, ಹೇಳಿ ಮುಗಿಸಿಯೇ ಹೋಗುತ್ತಿದ್ದಳು. ಮೈ ನಮ್ಮದಲ್ಲ, ಕಾಯ್ದುಕೊಂಡಿರು ಎಂದು ಕೊಟ್ಟದ್ದು ಎಂಬುದು ಆಕೆಯ ಎಣಿಕೆ. ಇದನ್ನು ಆಕೆ ದೊಡ್ಡ ಮಾತಾಗಿ ಹೇಳುತ್ತಿರಲಿಲ್ಲ, ನೆರೆಮನೆಯವರ ಪಾತ್ರೆ ನಮ್ಮಲ್ಲಿದೆ, ಒಡೆಯಬೇಡ ಎನ್ನುವ ಹಾಗೆ ಹೇಳುತ್ತಿದ್ದಳು.

ಶನಿವಾರದ ತೊಡಕು ಮೊದಲ ವಾರವೇ ಬಂತು. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಶನಿವಾರ ಕತ್ತಲಾಗುವ ತನಕ ನಮ್ಮ ಮನೆಯಲ್ಲಿ ಬೆಂಕಿ ಮಾಡುವಂತಿಲ್ಲ. ಸಿರಿಂಜು ಕುದಿಸುವುದು ಹೇಗೆ? ಗಿರಿಜಮ್ಮನನ್ನು ಕರೆದು ಅವರ ಕೈಯಲ್ಲಿ ಸ್ಟವ್ ಹಚ್ಚಿಸೋಣ ಎಂದರು ಪಪ್ಪಾ. ಗಿರಿಜಮ್ಮ ಒಲ್ಲೆ ಅನ್ನುವವರಲ್ಲ. ಆಜಿ ಬೇಡವೆಂದಳು. ನಾವೇ ಹಚ್ಚಬೇಕು, ಮನೆಯಲ್ಲಿ ಹಿರಿಯರಾದವರು ಹಚ್ಚಬೇಕು ಎಂದಳು. ಇಲ್ಲದಿದ್ದರೆ ಗಿರಿಜಮ್ಮ ಊರಿಗೆ ಹೋದ ಒಂದು ಶನಿವಾರ ನೀವೆಲ್ಲ ಕಡ್ಡಿಪೆಟ್ಟಿಗೆ ನೋಡುತ್ತ ಕೂತಿರುತ್ತೀರಿ ಎಂದಳು. ಆಮೇಲೆ ತಾನೇ ಕಡ್ಡಿ ಗೀರಿದಳು. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು. ಪಪ್ಪಾ ಹೊರಗೆ ಹೋಗಿ ಹಿತ್ತಲಲ್ಲಿ ನಿಂತರು. ಅಂದಿನಿಂದ ಪ್ರತಿ ಶನಿವಾರ ಆಜಿ ಕಡ್ಡಿ ಗೀರುವುದು, ಪಪ್ಪಾ ಹಿತ್ತಲಿಗೆ ಹೋಗುವುದು ನಡೆದುಬಂತು.

ನೋಡಲು ಬರುವವರಿಗೆ ಕೊರತೆ ಇರಲಿಲ್ಲ. ಕಾಯಿಲೆಯವರನ್ನು ನೋಡಲು ಬಂದ ಒಬ್ಬೊಬ್ಬರೂ ಆ ಕಾಯಿಲೆಯ ಅರವತ್ತರಲ್ಲಿ ಒಂದು ಪಾಲನ್ನು ಹೊತ್ತುಕೊಂಡು ಹೋಗುತ್ತಾರೆ ಎಂಬುದು ನಮ್ಮ ಹಳಬರ ನಂಬಿಕೆ, ಹಾಗಾಗಿ ಆಜಿ ಯಾರನ್ನೂ ಬಾಗಿಲಿನಿಂದ ಹಿಂದೆ ಕಳಿಸುತ್ತಿರಲಿಲ್ಲ. ಗಿರಿಜಮ್ಮ ದೇವಸ್ಥಾನದಿಂದ ವಿಭೂತಿ ತಂದರು. ಎದುರು ಓಣಿಯ ಹತ್ತಿ ವ್ಯಾಪಾರಿ ಖಾದರ್ ಸಾಹೇಬರ ಹೆಂಡತಿ ದರ್ಗಾದಿಂದ ಓದಿಸಿದ ದಾರ ಕಳಿಸಿದರು. ಆಜಿ ಎರಡನ್ನೂ ಎರಡು ಕೈಯಲ್ಲಿ ತೆಗೆದುಕೊಂಡು, ಬಂದವರಿಗೆ ಚಹಾ ಕೊಡು ಎಂದು ಆಯಿಗೆ ಹೇಳಿದಳು. ನಾನು ಚಾಪೆಯ ಮೇಲೆ ಕೂತು ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದೆ.

ಪುಣೆಯವರಿಗೆ ಹೇಗೋ ಸುದ್ದಿ ಮುಟ್ಟಿತು. ಆ ಹುಡುಗ ಇಸ್ರೇಲಿಗೆ ಹೊರಟಿದ್ದ, ಹೋದ ಮೇಲೆ ನನ್ನನ್ನು ಕರೆಸಿಕೊಳ್ಳುವುದೆಂದು ಮಾತಾಗಿತ್ತು. ಈಗ ಅವರ ಕಡೆಯ ಹಿರಿಯರೊಬ್ಬರು ಬಂದು ಪಪ್ಪಾನ ಜೊತೆ ಸ್ಟೇಷನ್ನಿನಲ್ಲೇ ಮಾತಾಡಿ, ಮನೆಗೆ ಬಾರದೆ ಅದೇ ಗಾಡಿಗೆ ಹಿಂದಿರುಗಿದರು. ಆಯಿ ಗೋಡೆಗೆ ತಲೆಯಾನಿಸಿ ಕೂತಳು. ನಾನು ಮದುವೆಗೆಂದು ತೆಗೆದಿದ್ದ ಬಿಳಿ ಸೀರೆಯನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದೆ. ಅವನ ಮುಖ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ.

ಹಾಗೆ ದಸರಾ ಹತ್ತಿರವಾಯಿತು. ಅದೇ ದಿನಗಳಲ್ಲಿ ನಮ್ಮ ಹೊಸ ವರ್ಷ ಬರುತ್ತದೆ, ಹತ್ತನೆಯ ದಿನ ಯೋಮ್ ಕಿಪ್ಪುರ್. ನಮ್ಮವರು ಹಳೆಯ ಕಾಲದಿಂದ ಅದನ್ನು ಬಾಗಿಲು ಮುಚ್ಚುವ ಹಬ್ಬ ಎನ್ನುತ್ತಾರೆ. ಹಿಂದಿನ ಸಂಜೆ ಹೊತ್ತು ಮುಳುಗುವುದರೊಳಗೆ ಉಂಡು, ಬಿಳಿ ಬಟ್ಟೆ ಹಾಕಿಕೊಂಡು ಬಾಗಿಲು ಮುಚ್ಚಿದರೆ ಮರುದಿನ ನಕ್ಷತ್ರ ಕಾಣುವ ತನಕ ಅನ್ನವಿಲ್ಲ, ನೀರಿಲ್ಲ, ಹೊರಗಿನವರ ಮಾತಿಲ್ಲ. ಮುಂದಿನ ವರ್ಷ ಯಾರು ಬದುಕಬೇಕು, ಯಾರು ಹೋಗಬೇಕು ಎಂದು ಆ ದಿನ ಮೇಲೆ ಮುದ್ರೆ ಬೀಳುತ್ತದೆ. ಆ ವರ್ಷ ಅದು ವಿಜಯದಶಮಿಯ ದಿನವೇ ಬಂದಿತ್ತು. ಊರೆಲ್ಲ ಬನ್ನಿ ಹಿಡಿದು ಮನೆಮನೆಗೆ ಹೋಗುವ ದಿನ ನಮ್ಮದೊಂದು ಬಾಗಿಲು ಮುಚ್ಚಿರಬೇಕಾಗಿತ್ತು.

ರೂತ್ ಈ ವರ್ಷ ಉಪವಾಸ ಮಾಡಲಿ ಎಂದರು ಪಪ್ಪಾ. ಹಿಂದಿನ ವಾರಗಳಲ್ಲಿ ಅವರು ಬಡವಾಗಿದ್ದರು, ನಿಂತಲ್ಲೇ ನಿಲ್ಲುತ್ತಿದ್ದರು. ಹೇಗಾದರೂ ನನ್ನ ಹೆಸರು ಈ ಸಲ ಒಳ್ಳೆಯ ಕಡೆ ಬರೆಸಿಬಿಡಬೇಕು, ಅದಕ್ಕೆ ಇದೊಂದೇ ದಾರಿ ಎಂದು ಅವರ ತಲೆಯೊಳಗೆ ಕೂತುಬಿಟ್ಟಿತ್ತು. ಊಟವಿಲ್ಲದ ದಿನ ಸಕ್ಕರೆ ಎಲ್ಲಿಂದ ಬರಬೇಕು, ಸೂಜಿಯೂ ಬೇಡ, ಒಂದು ದಿನ ಅವಳ ಮೈಗೂ ಬಿಡುವು ಸಿಗಲಿ ಎಂದು ಲೆಕ್ಕ ಹಾಕಿದರು. ಅದು ನಮಗೆಲ್ಲ ಸರಿ ಎಂದೇ ಕಂಡಿತು. ಆಜಿ ಒಬ್ಬಳು ಒಪ್ಪಲಿಲ್ಲ. ಕಾಯಿಲೆಯವರು ಉಣ್ಣಬೇಕೆಂದೇ ನಿಯಮವಿದೆ, ಡಾಕ್ಟರನ್ನು ಕೇಳದೆ ಮಾಡಬೇಡ ಎಂದಳು. ಪಪ್ಪಾ ತಾಯಿಗೆ ಎಂದೂ ಎದುರಾಡಿದವರಲ್ಲ.

"ಅಮ್ಮ, ಇದೊಂದು ವರ್ಷ ನನ್ನ ಮಾತು ನಡೆಯಲಿ" ಎಂದರು. "ನನಗೆ ಇರುವುದು ಇವಳೊಬ್ಬಳು."

ಆಜಿ ನನ್ನ ಕಡೆ ನೋಡಿದಳು. ನೀನೇನನ್ನುತ್ತೀ ಎಂದು ಕೇಳಿದಳು. ಆಗಲಿ ಅಂದೆ. ಉಣ್ಣು ಎಂದಿದ್ದರೂ ಆಗಲಿ ಅಂತಲೇ ಅನ್ನುತ್ತಿದ್ದೆ. ಹಬ್ಬಕ್ಕೆ ಮುಂಚಿನ ಸಂಜೆಯ ಸೂಜಿಯನ್ನೂ ಬಿಟ್ಟೆವು, ಯಾಕೆಂದರೆ ಅಂದಿನ ಊಟವೂ ಸ್ವಲ್ಪವೇ ಆಗಿತ್ತು.

ಮರುದಿನ ಬೆಳಗಿನಿಂದ ಹೊರಗೆ ಹಬ್ಬದ ಸದ್ದು. ನಾವು ಒಳಕೋಣೆಯಲ್ಲಿ ಬಿಳಿ ಹಾಸಿನ ಮೇಲೆ ಕೂತಿದ್ದೆವು, ಪಪ್ಪಾ ನಿಂತು ಪ್ರಾರ್ಥನೆ ಓದುತ್ತಿದ್ದರು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹತ್ತು ಗಂಟೆಯ ಸುಮಾರಿಗೆ ಗಿರಿಜಮ್ಮ ಬಾಗಿಲು ತಟ್ಟಿ, ನಮ್ಮ ಪದ್ಧತಿ ನೆನಪಾಗಿ ತಮಗೆ ತಾವೇ ಏನೋ ಹೇಳಿಕೊಂಡು, ಹೊಸ್ತಿಲ ಮೇಲೆ ಬನ್ನಿ ಇಟ್ಟು ಹೋದದ್ದು ಕೇಳಿಸಿತು. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿ ಬಂದೆ. ಬರಿಯ ಹೊಟ್ಟೆ, ಹಾಗಾಗುತ್ತದೆ ಎಂದರು. ಮತ್ತೆ ವಾಂತಿಯಾಯಿತು. ಎದುರಿನ ಗೋಡೆ ದೂರ ಹೋದ ಹಾಗೆ ಕಾಣುತ್ತಿತ್ತು. ಭಯವೇನೂ ಇರಲಿಲ್ಲ. ಇಷ್ಟೇನಾ, ಎಂದುಕೊಂಡದ್ದು ನೆನಪಿದೆ.

ಮುಂದಿನದು ನನಗೆ ಆಯಿ ಹೇಳಿದ್ದು. ಮಧ್ಯಾಹ್ನದ ಹೊತ್ತಿಗೆ ನನ್ನ ಉಸಿರು ದೂರ ಓಡಿ ಬಂದವರ ಉಸಿರಿನಂತೆ ಆಳವಾಗಿ ಎಳೆಯತೊಡಗಿತಂತೆ. ಬಾಯಿಂದ ಕೊಳೆತ ಹಣ್ಣಿನ ವಾಸನೆ ಬಂತಂತೆ. ಕರೆದರೆ ಕಣ್ಣು ಬಿಡಲಿಲ್ಲ. ಆಜಿ ನನ್ನ ಮುಖದ ಹತ್ತಿರ ಬಗ್ಗಿ ಮೂಸಿ ನೋಡಿದಳು. ಎದ್ದಳು. ಗೋಡೆ ಹಿಡಿದುಕೊಂಡು ನಡುಮನೆಗೆ ಹೋಗಿ, ಹುಟ್ಟಿದಾಗಿನಿಂದ ಆ ದಿನ ಒಮ್ಮೆಯೂ ಬಾಗಿಲು ತೆರೆಯದಿದ್ದ ಆಕೆ ಅಗುಳಿ ತೆಗೆದು, ಎರಡೂ ಕದಗಳನ್ನು ಪೂರ್ತಿ ತೆರೆದಳು. ಪಪ್ಪಾ ಪ್ರಾರ್ಥನೆಯ ನಡುವೆ ನಿಂತರು.

"ಪುಸ್ತಕ ಇಡು" ಎಂದಳು ಆಜಿ. "ಹೋಗಿ ಗಾಡಿ ತಾ."

ಪಪ್ಪಾ ಬಿಳಿ ಬಟ್ಟೆಯಲ್ಲಿ, ಬರಿಗಾಲಲ್ಲಿ ಓಣಿಗೆ ಇಳಿದರು. ಆ ದಿನ ಚರ್ಮದ ಚಪ್ಪಲಿ ಹಾಕುವಂತಿಲ್ಲ, ಹಾಕಿಕೊಳ್ಳಬೇಕೆಂದು ಅವರಿಗೆ ಹೊಳೆಯಲೂ ಇಲ್ಲ. ಖಾದರ್ ಸಾಹೇಬರ ಲಾರಿ ಅವರ ಮನೆಯ ಮುಂದೆಯೇ ಇತ್ತು. ಹಿಂದಿನ ದಿನ ಡ್ರೈವರು ಆಯುಧಪೂಜೆ ಮಾಡಿ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿದ್ದ, ಈಗ ಅವನು ಊರಿಗೆ ಹೋಗಿದ್ದ. ಪಪ್ಪಾ ಏನು ಹೇಳಿದರೋ, ಸಾಹೇಬರು ಉಣ್ಣುವ ತಟ್ಟೆ ಬಿಟ್ಟು ಎದ್ದು, ಎಂಜಲ ಕೈ ತೊಳೆದು ತಾವೇ ಗಾಡಿ ಹೊರಡಿಸಿದರು. ಗಿರಿಜಮ್ಮನೂ ಆಯಿಯೂ ನನ್ನನ್ನು ಎತ್ತಿ ಮುಂದಿನ ಸೀಟಿನಲ್ಲಿ ಮಲಗಿಸಿದರು. ಪಪ್ಪಾ ಹಿಂದೆ ಹತ್ತಿಯ ಅಂಡಿಗೆಗಳ ಜಾಗದಲ್ಲಿ ನಿಂತರು. ಹರಿಹರದಿಂದ ದಾವಣಗೆರೆಯ ತನಕ, ಬನ್ನಿ ಮುಡಿಯಲು ಹೊರಟ ಜನರ ನಡುವೆ, ಹಾರನ್ನು ಬಾರಿಸುತ್ತಲೇ ಹೋದರಂತೆ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರು ಹಬ್ಬದ ರೇಷ್ಮೆ ಪಂಚೆಯಲ್ಲೇ ಬಂದರು. ತೋಳಿಗೆ ಗ್ಲೂಕೋಸ್ ಬಾಟಲಿಯಂಥ ಒಂದು ಬಾಟಲಿಯಿಂದ ಉಪ್ಪುನೀರು ಹತ್ತಿಸಿದರು, ಮೇಲಿಂದ ಮೇಲೆ ಇನ್ಸುಲಿನ್ ಕೊಟ್ಟರು. ಪಪ್ಪಾನನ್ನು ಹೊರಗೆ ಕೂಡಿಸಿದರು. ಜಗಲಿಯ ಮೇಲೆ ಬಿಳಿ ಬಟ್ಟೆಯಲ್ಲಿ ಬರಿಗಾಲಲ್ಲಿ ಕೂತ ಅವರನ್ನು ಜನ ಯಾರೋ ದೊಡ್ಡವರು ಎಂದು ತಿಳಿದಿರಬೇಕು. ರೋಗಿಗಳ ಕಡೆಯವರು ಬಂದು ಬಂದು, ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಅವರ ಕೈಗೆ ಎಲೆ ಇಟ್ಟು ಕಾಲು ಮುಟ್ಟಿದರು. ಹೊರಗಿನವರ ನೆರಳೂ ಬೀಳಬಾರದ ದಿನ. ಪಪ್ಪಾ ಒಂದೊಂದನ್ನೂ ತೆಗೆದುಕೊಂಡರು ಎಂದು ಖಾದರ್ ಸಾಹೇಬರು ಆಮೇಲೆ ಆಯಿಗೆ ಹೇಳಿದರು. ಹೊತ್ತು ಮುಳುಗಿ ನಕ್ಷತ್ರ ಬಂದರೂ ಪಪ್ಪಾಗೆ ಉಪವಾಸ ಬಿಡುವುದು ನೆನಪಾಗಲಿಲ್ಲ. ಸಾಹೇಬರೇ ಹೋಟೆಲಿನಿಂದ ಚಹಾ ತಂದು ಕೈಯಲ್ಲಿ ಹಿಡಿಸಿದರು.

ಡಾಕ್ಟರು ಹೊರಗೆ ಬಂದಾಗ ಬೈಯುತ್ತಾರೆ ಎಂದು ಪಪ್ಪಾ ಎದ್ದು ನಿಂತರು. ಅವರು ಬೈಯಲಿಲ್ಲ.

"ಉಪಾಸ ಇದ್ರೇನ್ರಿ?"

ಪಪ್ಪಾ ಹೌದೆಂದರು.

"ನಮ್ಮವ್ವನೂ ಶಿವರಾತ್ರಿಗೆ ನೀರು ಮುಟ್ಟಂಗಿಲ್ಲ. ಆದ್ರೆ ಈ ಹುಡುಗಿಗೆ ಉಪಾಸ ಇಲ್ಲರಿ. ಊಟ ಬಿಟ್ರೂ ಮೈ ತನ್ನೊಳಗಿಂದ ಸಕ್ಕರೆ ಮಾಡ್ತಾನೇ ಇರತೈತೆ. ಸೂಜಿ ಒಂದು ದಿನಾನೂ ಬಿಡಂಗಿಲ್ಲ. ಇದನ್ನ ನಾನೇ ಮೊದ್ಲು ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ."

ಮರುದಿನ ನನಗೆ ಎಚ್ಚರವಾಯಿತು. ಬದುಕಿದ್ದೇನೆ ಎಂದು ಸಂತೋಷವಾಗಲಿಲ್ಲ. ಕಿಟಕಿಯ ಹೊರಗೆ ಒಣಗಲು ಹಾಕಿದ ಬಿಳಿ ಬಟ್ಟೆಗಳಿದ್ದವು. ಅವು ಯಾರವು ಎಂದು ಬಹಳ ಹೊತ್ತು ಯೋಚಿಸಿದೆ. ಪಕ್ಕದ ಮಂಚದ ಹೆಂಗಸು ತನ್ನ ಮಗಳಿಗೆ, ಎದ್ದಾಳೆ ನೋಡು ಎಂದಳು. ಆ ಮಗಳು ಬಂದು ಏನೂ ಕೇಳದೆ ನನ್ನ ಕಾಲಿನ ಕೆಳಗೆ ಸರಿದಿದ್ದ ಹೊದಿಕೆಯನ್ನು ಎಳೆದು ಸರಿಮಾಡಿ ಹೋದಳು. ಆ ದಿನಗಳಲ್ಲಿ ಸಿಕ್ಕ ಉಪಕಾರಗಳೆಲ್ಲ ಇಷ್ಟಿಷ್ಟೇ. ಆಗ ನಾನು ಅವುಗಳನ್ನು ಗಮನಿಸಿದಂತೆ ತೋರಲಿಲ್ಲ, ಆದರೆ ಮರೆತಿಲ್ಲ.

ಆಜಿ ಮಧ್ಯಾಹ್ನದ ರೈಲಿಗೆ ಬಂದಳು. ಪಪ್ಪಾ ತಾಯಿಯ ಮುಖ ನೋಡಲಿಲ್ಲ. ಮಂಚದ ಅಂಚಿಗೆ ಕೂತು, ಅವಳ ಹೆಸರು ಬರೆಸಬೇಕೆಂದಿದ್ದೆ ಅಮ್ಮ ಎಂದರು. ನನಗೆ ಕೇಳಿಸುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಆಜಿ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಮಗನ ಬಾಯಿಗೆ ತಾನೇ ಇಟ್ಟಳು, ನಲವತ್ತೈದು ದಾಟಿದ ಗಂಡಸಿಗೆ.

"ನಾನು ಮೊನ್ನೆ ಸಂಜೆಯೇ ಬಾಗಿಲು ತೆಗೆಯಬೇಕಿತ್ತು" ಎಂದಳು.

ಮನೆಗೆ ಬಂದ ಮೇಲೆ ನಮ್ಮ ಪದ್ಧತಿಯಂತೆ ಪ್ರವಾದಿ ಏಲಿಯನ ಹೆಸರಿನಲ್ಲಿ ಮಲೀದಾ ಮಾಡಿದರು. ಕಷ್ಟದಿಂದ ಪಾರಾದ ಮನೆಯಲ್ಲಿ ಮಾಡುವುದು ಅದು: ನೆನೆಸಿದ ಅವಲಕ್ಕಿ, ತುರಿದ ಕಾಯಿ, ಸಕ್ಕರೆ, ಮೇಲೆ ಹಣ್ಣುಗಳು. ಆ ಸಲ ಆಜಿ ಸಕ್ಕರೆ ಹಾಕಲಿಲ್ಲ. ನನ್ನದನ್ನು ಮಾತ್ರ ಬೇರೆ ತೆಗೆದಿಡಬಹುದಿತ್ತು, ಇಡೀ ತಟ್ಟೆಗೇ ಹಾಕಲಿಲ್ಲ. ಗಿರಿಜಮ್ಮ, ಖಾದರ್ ಸಾಹೇಬರ ಮನೆಯವರು ಬಂದು ಸಪ್ಪೆ ಅವಲಕ್ಕಿಯನ್ನು ಚೆನ್ನಾಗಿದೆ ಎಂದು ತಿಂದು ಹೋದರು.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸೂಜಿ ನಾನೇ ಹಾಕಿಕೊಳ್ಳಲು ಕಲಿತೆ. ಪಪ್ಪಾ ಶನಿವಾರಗಳಂದು ಹಿತ್ತಲಿಗೆ ಹೋಗುವುದನ್ನು ಬಿಟ್ಟರು, ಕಡ್ಡಿಪೆಟ್ಟಿಗೆಯನ್ನು ತಾಯಿಯ ಕೈಯಿಂದ ತೆಗೆದುಕೊಂಡು ತಾವೇ ಗೀರತೊಡಗಿದರು. ಮನೆಯಲ್ಲಿ ನನ್ನೊಡನೆ ಮೆಲ್ಲಗೆ ಮಾತಾಡುತ್ತಿದ್ದರು, ನಾನೂ ಮೆಲ್ಲಗೆ ಉತ್ತರ ಕೊಡುತ್ತಿದ್ದೆ. ಕೊಟ್ಟದ್ದು ತಿಂದೆ, ಹೇಳಿದ ಹೊತ್ತಿಗೆ ಮಲಗಿದೆ. ಇವಳು ಎಷ್ಟು ಚೆನ್ನಾಗಿ ಹೊಂದಿಕೊಂಡಳು ಎಂದು ಓಣಿಯವರು ಮೆಚ್ಚಿದರು. ಆಜಿ ಮಾತ್ರ ಮೆಚ್ಚಲಿಲ್ಲ. ಒಮ್ಮೊಮ್ಮೆ ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಮತ್ತೆ ಬಾಗಿಲು ಮುಚ್ಚುವ ಹಬ್ಬ ಬಂತು. ಈ ಸಲ ಯಾರೂ ಚರ್ಚೆ ಮಾಡಲಿಲ್ಲ. ರೂತ್ ಉಣ್ಣುತ್ತಾಳೆ, ಬಿಸಿಯಾದದ್ದನ್ನೇ ಉಣ್ಣುತ್ತಾಳೆ, ಹಿಂದಿನ ದಿನದ್ದಲ್ಲ ಎಂದು ಆಜಿ ಹೇಳಿದಳು. ಹಬ್ಬದ ಬೆಳಿಗ್ಗೆ ಬಾಗಿಲು ಮುಚ್ಚಿದ ಮನೆಯಲ್ಲಿ ಪಪ್ಪಾ ಸ್ಟವ್ ಹಚ್ಚಿದರು. ಬಿಳಿ ಬಟ್ಟೆಯಲ್ಲಿದ್ದ ಆಯಿ ಸೆರಗು ಸಿಕ್ಕಿಸಿಕೊಂಡು ಉಪ್ಪಿಟ್ಟು ಮಾಡಿದಳು. ಒಗ್ಗರಣೆಯ ವಾಸನೆ ಇಡೀ ಮನೆಗೆ ಹರಡಿತು. ನಾನು ಸೂಜಿ ಹಾಕಿಕೊಂಡು, ಅವರೆಲ್ಲರೂ ಕೂತಿದ್ದ ಬಿಳಿ ಹಾಸಿನ ಅಂಚಿಗೆ ತಟ್ಟೆ ಇಟ್ಟುಕೊಂಡು ಕೂತೆ.

ಹಸಿದ ಮೂರು ಜನರ ನಡುವೆ ಉಣ್ಣುವುದು ಕಷ್ಟ. ಪಪ್ಪಾ ನನಗೆ ಮುಜುಗರವಾಗದಿರಲೆಂದು ಪುಸ್ತಕ ಹಿಡಿದು ಗೋಡೆಯ ಕಡೆ ತಿರುಗಿದರು.

"ಆ ಕಡೆ ಯಾಕೆ ತಿರುಗುತ್ತೀಯ?" ಎಂದಳು ಆಜಿ. "ಅವಳು ತಪ್ಪೇನೂ ಮಾಡುತ್ತಿಲ್ಲ. ಇವತ್ತು ನಿನಗೆ ಉಪವಾಸ ಹೇಗೋ ಅವಳಿಗೆ ಊಟ ಹಾಗೆ. ಇಲ್ಲಿ ನೋಡುತ್ತ ಕೂಡು."

ಪಪ್ಪಾ ತಿರುಗಿದರು. ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ನನ್ನ ತಟ್ಟೆಯನ್ನು ನೋಡುತ್ತ ಕೂತರು. ಆಯಿಯೂ ಬಂದು ಕೂತಳು. ಆಜಿ ಊಟಕ್ಕೆ ಮುಂಚಿನ ಪ್ರಾರ್ಥನೆ ಹೇಳಿದಳು, ನಾನು ಆಮೇನ್ ಎಂದೆ, ಪಪ್ಪಾನೂ ಆಯಿಯೂ ಆಮೇನ್ ಎಂದರು. ಮೊದಲ ತುತ್ತು ಬಾಯಿಗಿಟ್ಟೆ. ಮೂರು ಜನರೂ ನಾನು ಅಗಿಯುವುದನ್ನು ನೋಡುತ್ತಿದ್ದರು. ಎರಡನೆಯ ತುತ್ತು ಇಟ್ಟೆ. ಉಪವಾಸದಲ್ಲಿದ್ದ ಆಯಿ ಉಪ್ಪಿಟ್ಟಿನ ರುಚಿ ನೋಡುವಂತಿರಲಿಲ್ಲ, ಅಂದಾಜಿನಲ್ಲಿ ಮಾಡಿದ್ದಳು.

"ಉಪ್ಪು ಕಡಿಮೆಯಾಗಿದೆ" ಎಂದೆ.

ಒಂದೂವರೆ ವರ್ಷದಲ್ಲಿ ರುಚಿಯ ಬಗ್ಗೆ ನಾನು ಆಡಿದ ಮೊದಲ ಮಾತು ಅದು. ಆಜಿ ಹಲ್ಲಿಲ್ಲದ ಬಾಯನ್ನು ಕೈಯಿಂದ ಮುಚ್ಚಿಕೊಂಡಳು. ಆಯಿ ಎದ್ದಳು, ಅವಳಿಗಿಂತ ಮೊದಲು ಪಪ್ಪಾ ಎದ್ದು ಅಡುಗೆಮನೆಗೆ ಹೋಗಿ, ಉಪ್ಪಿನ ಗಡಿಗೆಯನ್ನು ಹಾಗೆಯೇ ಎರಡು ಕೈಯಲ್ಲಿ ಎತ್ತಿಕೊಂಡು ಬಂದರು.